ಕೆಂಪಕ್ಕನ ಮೂಗು

"ಇದು ನಮ್ಮಕ್ಕನ ಮೂಗಲ್ವೇನೆ?" ಎಂದ ಬೈಲಪ್ಪ.

ಬುದ್ಧನ ಮೂರ್ತಿಯ ಎಡಗೆನ್ನೆಯ ತುಂಡನ್ನು ಬಲಗೆನ್ನೆಯ ತುಂಡಿಗೆ ಅಂಟಿಸಿ, ಅಂಟು ಹಿಡಿಯಲೆಂದು ಎರಡೂ ಅಂಗೈಯಲ್ಲಿ ಒತ್ತಿ ಹಿಡಿದಿದ್ದವನು ಹಾಗೆಯೇ ಮುಖವನ್ನು ಬಾಗಿಲ ಬೆಳಕಿಗೆ ತಿರುಗಿಸಿದ್ದ. ಶಾಂತಲಾ ಕೆಳಗೆ ಬಿದ್ದಿದ್ದ ಉಪ್ಪುಕಾಗದ ಎತ್ತಿಕೊಂಡಳು.

"ಗೊತ್ತಾಗುತ್ತಾ ಮಾವ?"

"ಗೊತ್ತಾಗುತ್ತಾ ಅಂತೀಯಲ್ಲೇ. ಹುಟ್ಟಿದಾಗಿಂದ ನೋಡ್ತಿರೋ ಮೂಗು."

ಚಿಕ್ಕಲಸಂದ್ರದ ಆ ತಗಡಿನ ಶೆಡ್ಡಿನಲ್ಲಿ ಬೈಲಪ್ಪ ದೇವರನ್ನೂ ಮಾಡಿದ್ದ, ನಾಯಕರನ್ನೂ ಮಾಡಿದ್ದ, ಕಲ್ಯಾಣ ಮಂಟಪದ ಬಾಗಿಲಿಗೆ ಆನೆಗಳನ್ನೂ ಮಾಡಿದ್ದ. ಜೆ.ಪಿ. ನಗರದ ಹಿಂಬದಿಯಲ್ಲಿದ್ದ ತಮ್ಮ ಕಾಲೊನಿಯವರು ಸಣ್ಣದೊಂದು ಬುದ್ಧ ವಿಹಾರ ಕಟ್ಟಿ ಮೂರ್ತಿ ಮಾಡಿಕೊಡು ಎಂದಾಗ ಅವನೇ ಅಕ್ಕ ಕೆಂಪಕ್ಕನ ಮಗಳು ಶಾಂತಲಾಳನ್ನು ಕರೆದಿದ್ದ. "ಮೈ ನಾನು ಕೂರಿಸ್ತೀನಿ, ಮುಖ ನೀನು ಮಾಡು. ನಾನು ಮಾಡಿದ್ರೆ ಅದೇ ಕ್ಯಾಲೆಂಡರ್ ಮುಖ ಬರ್ತದೆ."

ಶಾಂತಲಾ ಬಿಟಿಎಂ ಲೇಔಟ್‌ನ ಗೇಮ್ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಪರದೆಯ ಮೇಲೆ ಪೆನ್ನು ಆಡಿಸಿ ಸೈನಿಕರನ್ನು, ರಾಕ್ಷಸರನ್ನು, ಕೋಡಿನ ಮೃಗಗಳನ್ನು ಕಡೆಯುವುದು ಅವಳ ಕಸುಬು. ಎಲ್ಲವೂ ಯಾರದೋ ಫೋನಿನೊಳಗೆ ಹೊಡೆದಾಡಿ ಸಾಯುತ್ತಿದ್ದವು. ಒಂದನ್ನೂ ಅವಳು ಕೈಯಿಂದ ಮುಟ್ಟಿರಲಿಲ್ಲ. ಬುದ್ಧನ ಮುಖಕ್ಕೆ ಕೂತಾಗ ಮೊದಮೊದಲು ಅವಳಿಗೂ ಕ್ಯಾಲೆಂಡರ್ ಮುಖವೇ ಬಂತು. ಒಂದು ಭಾನುವಾರ ಅವ್ವ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ಫೋನು ಹಿಡಿದು ಸುತ್ತ ಒಂದು ಸುತ್ತು ಬಂದಳು. "ಏನೇ ಅದು, ರೀಲ್ಸಾ?" ಎಂದಿದ್ದಳು ಕೆಂಪಕ್ಕ. "ಹೂಂ" ಎಂದಿದ್ದಳು ಮಗಳು. ಆ ವಿಡಿಯೊದಿಂದ ಕಂಪ್ಯೂಟರಿನಲ್ಲಿ ಅವ್ವನ ತಲೆ ಎದ್ದು ಬಂತು. ಅದರ ಮೇಲೆ ವಾರಗಟ್ಟಲೆ ಕೆಲಸ ಮಾಡಿದಳು. ಸುಕ್ಕು ತೆಗೆದಳು, ಕಣ್ಣು ಮುಚ್ಚಿಸಿದಳು, ಗುಂಗುರು ಕೂದಲು ಕೂರಿಸಿದಳು. ಅಗಲವಾದ ಮೂಗನ್ನೂ ಭಾರದ ಓಲೆಗೆ ಜೋತುಬಿದ್ದಿದ್ದ ಕಿವಿಯನ್ನೂ ಮಾತ್ರ ಮುಟ್ಟಲಿಲ್ಲ. ಅಂಗಡಿಯೊಂದರಲ್ಲಿ ತ್ರೀಡಿ ಪ್ರಿಂಟ್ ಹಾಕಿಸಿದಾಗ ತಲೆ ಪ್ಲಾಸ್ಟಿಕ್ಕಿನ ನಾಲ್ಕು ತುಂಡಾಗಿ, ಬಿಳಿ ದಾರ ಸುತ್ತಿ ಮಾಡಿದಂತೆ ಗೆರೆಗೆರೆಯಾಗಿ ಬಂತು.

ಬೈಲಪ್ಪ ಅದನ್ನು ತನ್ನ ಮಣ್ಣಿನ ಮೈಯ ಮೇಲೆ ಕೂರಿಸಿ, ಕತ್ತಿನ ಸುತ್ತ ಮಣ್ಣು ಮೆತ್ತಿ, ಗೆರೆಗಳು ಕಾಣದಂತೆ ಪುಟ್ಟಿ ತುಂಬಿದ. ಮೂಗಿನ ಮಾತು ಮತ್ತೆ ಎತ್ತಲಿಲ್ಲ.

ಎತ್ತಿದವನು ಕಾಲೊನಿಯ ಸಂಘದ ಕಾರ್ಯದರ್ಶಿ ದೇವರಾಜ್. ಕೆಲಸ ಎಲ್ಲಿಗೆ ಬಂತೆಂದು ನೋಡಲು ಬಂದವನು ಫೋಟೊ ಹೊಡೆದು ವಾಟ್ಸಾಪ್ ಗ್ರೂಪಿಗೆ ಹಾಕಿದ. ಸಂಜೆಯೊಳಗೆ ಅವನದೇ ಫೋನು ಬಂತು.

"ಶಾಂತಲಾ, ಗ್ರೂಪ್‌ನಲ್ಲಿ ಎಲ್ರೂ ಕೆಂಪಕ್ಕ, ಕೆಂಪಕ್ಕ ಅಂತಾವ್ರಲ್ಲಮ್ಮ. ಕೆಲವ್ರು ನಗ್ತಾವ್ರೆ, ಕೆಲವ್ರಿಗೆ ಸಿಟ್ಟು. ಕಂಪ್ಯೂಟರ್‌ನಲ್ಲಿ ತಾನೆ ಮಾಡಿರೋದು, ಚೇಂಜ್ ಮಾಡೋಕೇನು ಕಷ್ಟ?"

ಕಷ್ಟವೇನಿರಲಿಲ್ಲ. ಪೆನ್ನು ಎರಡು ಸಲ ಎಳೆದಳು, ಮೂಗು ನೀಳವಾಯಿತು, ಇನ್ನೊಂದು ಸಲಕ್ಕೆ ಕಿವಿ ಚೊಕ್ಕವಾಯಿತು. ಮುಖ ಚೆನ್ನಾಗಿಯೇ ಇತ್ತು. ಯಾರ ಮುಖವೂ ಆಗಿರಲಿಲ್ಲ, ಅಷ್ಟೆ.

ಅವಳು ಮನೆಗೆ ಹೋಗುವಷ್ಟರಲ್ಲಿ ಪಕ್ಕದ ಮನೆಯ ಕಲ್ಯಾಣಿ ಬಂದು ಫೋಟೊ ತೋರಿಸಿ ಹೋಗಿದ್ದಳು. ಕೆಂಪಕ್ಕ ಅಡುಗೆ ಮನೆಯಿಂದ ಈಚೆ ಬರಲಿಲ್ಲ.

"ಜಯನಗರದಲ್ಲಿ ಅಷ್ಟು ವರ್ಷ ಕಸ ಗುಡಿಸಿದೆ," ಎಂದಳು, ಮಗಳ ಕಡೆ ಬೆನ್ನು ಮಾಡಿಕೊಂಡೇ. "ಧೂಳಿಗೆ ಸೆರಗು ಮೂಗಿನ ಮೇಲಕ್ಕೆ ಕಟ್ಕೊಂಡು. ನನ್ನ ಮುಖ ಹೆಂಗೈತೆ ಅಂತ ಅಲ್ಲಿ ಒಬ್ರಿಗೂ ಗೊತ್ತಿಲ್ಲ. ನನಗೆ ಅದೇ ಚೆನ್ನಾಗಿತ್ತು. ಈಗ ಕೈಮುಗಿಯೋ ಜಾಗದಲ್ಲಿ ತಂದು ಇಕ್ತಿದೀಯ. ತೆಗಿ ಅದ್ನ."

"ಅವ್ವ, ನಾನು..."

"ತೆಗಿ ಅಂದ್ನಲ್ಲ."

ಶಾಂತಲಾ ಟ್ಯಾಬ್ ಮುಂದೆ ಹಿಡಿದು ತಿದ್ದಿದ ಮುಖ ತೋರಿಸಿದಳು. ಅವ್ವ ಅದರತ್ತ ನೋಡಲೂ ಇಲ್ಲ. ಆ ವಾರವೆಲ್ಲ ಇಬ್ಬರ ನಡುವೆ ಊಟ ಬಡಿಸುವಷ್ಟೇ ಮಾತು.

ಭಾನುವಾರ ಶಾಂತಲಾ ಹೊಸ ತಲೆಯನ್ನು ಪ್ರಿಂಟಿಗೆ ಕೊಡುವುದೆಂದೇ ತೀರ್ಮಾನಿಸಿ ಶೆಡ್ಡಿಗೆ ಹೋದಳು. ದೇವರಾಜ್ ಆಗಲೇ ಬಂದು ಬಕೆಟ್ಟು ಬೋರಲು ಹಾಕಿಕೊಂಡು ಕೂತಿದ್ದ. ಹಳೆಯ ತಲೆಯನ್ನು ಬಿಡಿಸಲು ಬೈಲಪ್ಪ ಕತ್ತಿನ ಮಣ್ಣಿಗೆ ನೀರು ಚಿಮುಕಿಸುತ್ತಿದ್ದಾಗ ಬಾಗಿಲ ಬೆಳಕಿಗೆ ಯಾರೋ ಅಡ್ಡ ಬಂದರು. ಕೆಂಪಕ್ಕ. ಬಸ್ಸು ಹಿಡಿದು ಒಬ್ಬಳೇ ಬಂದಿದ್ದಳು.

ಅವಳು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ಮೂರ್ತಿಯ ಮುಂದೆ ನಿಂತಳು. ಬೆರಳಿನಿಂದ ಅದರ ಮೂಗು ಮುಟ್ಟಿದಳು. ಆಮೇಲೆ ಕಿವಿ.

"ಬುದ್ಧರ ಕಿವಿನೂ ಜೋತೇ ಬಿದ್ದಿರೋದು ಕಣಕ್ಕ," ಎಂದ ಬೈಲಪ್ಪ. "ಅರಮನೇಲಿದ್ದಾಗ ಭಾರದ ಓಲೆ ಹಾಕ್ತಿದ್ರಂತೆ. ಎಲ್ಲ ಬಿಟ್ಟು ಹೊರಟಾಗ ಅದ್ನೂ ಬಿಚ್ಚಿಟ್ರಂತೆ."

"ನಾನೇನೂ ಬಿಟ್ಟು ಹೊರಡ್ಲಿಲ್ಲಪ್ಪ. ಕಿವಿ ಹರಿಯಂಗಾಯ್ತು ಅಂತ ತೆಗೆದಿಟ್ಟಿದೀನಿ. ಬೀರುನಾಗವೆ."

ದೇವರಾಜ್ ನಕ್ಕುಬಿಟ್ಟ. ಕೆಂಪಕ್ಕ ನಗಲಿಲ್ಲ. ಮೂರ್ತಿಯ ಸುತ್ತ ಹೋದಳು. ಮಡಿಲಲ್ಲಿ ಸುಮ್ಮನೆ ಇಟ್ಟುಕೊಂಡಿದ್ದ ಅದರ ಕೈಗಳನ್ನು ಬಹಳ ಹೊತ್ತು ನೋಡಿದಳು.

"ಮೂಗು ನಂದೇಯ," ಎಂದಳು. "ಆದ್ರೆ ನಾನು ಹಿಂಗೆ ಯಾವತ್ತು ಕೂತಿದ್ದೆ?"

ಆಮೇಲೆ ಮಗಳ ಕಡೆ ತಿರುಗಿದಳು.

"ನೀನು ಕೇಳ್ಬೇಕಿತ್ತು ನನ್ನ."

"ಕೇಳಿದ್ರೆ ಬೇಡ ಅಂತಿದ್ದೆ ನೀನು."

"ಹೂಂ. ಅಂತಿದ್ದೆ."

"ತಪ್ಪಾಯ್ತವ್ವ. ಮಾವ ಬಿಡಿಸ್ತಾವ್ನೆ ಈಗ. ಬೇರೆ ತಲೆ ಮಾಡಿಸ್ತೀನಿ."

ಬೈಲಪ್ಪನ ಒದ್ದೆ ಕೈ ಕತ್ತಿನ ಮೇಲೇ ನಿಂತಿತ್ತು. ಕೆಂಪಕ್ಕ ಎರಡು ಹೆಜ್ಜೆ ಹಿಂದೆ ಸರಿದು, ಸಂತೆಯಲ್ಲಿ ಸೊಪ್ಪು ನೋಡುವವರಂತೆ ತಲೆ ಒಂದು ಕಡೆ ವಾಲಿಸಿ ನೋಡಿದಳು.

"ಕಣ್ಣು ಹಿಂಗೆ ಬಿಗಿಯಾಗಿ ಮುಚ್ಚಿಸಿದ್ರೆ ನಿದ್ದೆ ಹೊಡೆದಂಗೈತೆ," ಎಂದಳು ತಮ್ಮನಿಗೆ. "ಒಸಿ ತೆಗಿ."

"ತೆಗೀಲಾ?"

"ಒಸಿ. ಪೂರ್ತಿ ಬೇಡ."

ಬೈಲಪ್ಪ ಸಣ್ಣ ಉಳಿ ಹುಡುಕಿ ತಂದ. ದೇವರಾಜ್ ಬಕೆಟ್ಟಿನಿಂದ ಎದ್ದ.

"ಅಂದ್ರೆ ಮುಖ ಇದೇ ಇರ್ಲಾ ಕೆಂಪಕ್ಕ? ಗ್ರೂಪ್‌ನೋರಿಗೆ ನಾನೇನು ಹೇಳ್ಲಿ?"

"ಮೂಗು ಬೈಲಪ್ಪಂದು ಅಂತ ಹೇಳು."

ಬೈಲಪ್ಪ ತಡೆಯಲಾರದೆ ತನ್ನ ಮೂಗು ಮುಟ್ಟಿಕೊಂಡ. ತುದಿಗೆ ಮಣ್ಣು ಹತ್ತಿತು. ಈ ಸಲ ಕೆಂಪಕ್ಕನೂ ನಕ್ಕಳು.

ಎಡಗಣ್ಣಿನ ರೆಪ್ಪೆಯನ್ನು ಅವನು ತೆರೆದ. ಬಲಗಣ್ಣಿಗೆ ಉಳಿಯನ್ನು ಶಾಂತಲಾಳ ಕೈಗೆ ಕೊಟ್ಟ. ಪರದೆಯ ಮೇಲಾದರೆ ತಪ್ಪಿದ್ದನ್ನು ಹಿಂದಕ್ಕೆ ತರಬಹುದಿತ್ತು. ಅವಳು ಉಸಿರು ಬಿಗಿಹಿಡಿದು ಕೆರೆದಳು. ಬಲಗಣ್ಣು ಎಡಗಣ್ಣಿಗಿಂತ ಕೊಂಚ ಹೆಚ್ಚೇ ತೆರೆಯಿತು. "ಇರ್ಲಿ ಬಿಡು," ಎಂದ ಬೈಲಪ್ಪ.

ಅಚ್ಚು ತೆಗೆದು, ಫೈಬರ್ ಹೊಯ್ದು, ಕಲ್ಲಿನ ಬಣ್ಣ ಹಚ್ಚುವ ಹೊತ್ತಿಗೆ ಗ್ರೂಪಿನಲ್ಲಿ ಶಾಮಿಯಾನದ ಜಗಳ ಶುರುವಾಗಿ ಮೂಗಿನ ಮಾತು ಹಿಂದೆ ಸರಿದಿತ್ತು. ಇನ್ನೂ ಒಂದಿಬ್ಬರು ಗೊಣಗುತ್ತಿದ್ದರು. ಪ್ರತಿಷ್ಠಾಪನೆಯ ಬೆಳಿಗ್ಗೆ ಮೂರ್ತಿಯನ್ನು ಗೂಡ್ಸ್ ಆಟೊಗೆ ಏರಿಸಿ ಹಗ್ಗ ಬಿಗಿದರು. ಕೆಂಪಕ್ಕ ಬಿಳಿ ಸೀರೆ ಉಟ್ಟು ಬಂದಿದ್ದಳು. ದೇವರಾಜ್ ಮುಂದೆ ಡ್ರೈವರ್ ಪಕ್ಕ ಜಾಗ ಮಾಡಿಕೊಟ್ಟರೂ ಒಪ್ಪದೆ ಹಿಂದೆಯೇ ಹತ್ತಿ, ಗೋಣಿಚೀಲದ ಮೇಲೆ, ಮೂರ್ತಿಗೆ ಒರಗಿ ಕೂತಳು.

ಶಾಂತಲಾ ಸ್ಕೂಟರಿನಲ್ಲಿ ಹಿಂಬಾಲಿಸಿದಳು. ಸಾರಕ್ಕಿ ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ ಫುಟ್‌ಪಾತಿನಲ್ಲಿ ಹೂ ಕಟ್ಟುತ್ತಿದ್ದ ಹೆಂಗಸೊಬ್ಬಳು ದಾರ ಕೆಳಗಿಟ್ಟು ಕೈಮುಗಿದಳು. ಕೆಂಪಕ್ಕ ಒಮ್ಮೆ ಮೂರ್ತಿಯ ಕಡೆ ನೋಡಿ, ಸೆರಗು ಸರಿಮಾಡಿಕೊಂಡು ಮುಖ ಆಚೆ ತಿರುಗಿಸಿದಳು. ಸಿಗ್ನಲ್ ಬಿಟ್ಟಿತು. ಮುಂದೆ ರಸ್ತೆಯಲ್ಲಿ ಹಂಪ್ ಬಂದಾಗ ಅವಳು ಬುದ್ಧನ ತಲೆಯ ಹಿಂದೆ ಅಂಗೈ ಒಡ್ಡಿದಳು. ಹಂಪ್ ದಾಟಿ ಗಾಡಿ ಸಮನೆಲದ ಮೇಲೆ ಓಡತೊಡಗಿದರೂ ಆ ಕೈ ಅಲ್ಲಿಯೇ ಇತ್ತು.