ಗುಡ್ಡದ ಮರೆಯ ಗಿಡಗಳು

ಮಾದಮ್ಮ ಗಂಡನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಉಜ್ಜುತ್ತಲೇ ಇದ್ದಳು. ಸೀಗೆಪುಡಿ ಹಾಕಿ ಉಜ್ಜಿದಳು, ಹರಳೆಣ್ಣೆ ಸವರಿ ಉಜ್ಜಿದಳು, ಕೊನೆಗೆ ಒಲೆಯ ಬೂದಿಯನ್ನೇ ತಂದು ಉಜ್ಜಿದಳು. ಮುದ್ದಯ್ಯನ ಬೆರಳುಗಳಿಗೆ ಮೆತ್ತಿಕೊಂಡಿದ್ದ ಕಪ್ಪು ಅಂಟು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಹತ್ತಿರ ಬಾಗಿದರೆ ಹಸಿ ಸೊಪ್ಪಿನ ಘಾಟು ಮೂಗಿಗೆ ಹೊಡೆಯುತ್ತಿತ್ತು. ಹೆಣಕ್ಕೆ ನೀರು ಹುಯ್ಯಲು ಬಂದಿದ್ದ ಹೆಂಗಸರು ಬಿಂದಿಗೆ ಹಿಡಿದುಕೊಂಡೇ ಮುಖ ಮುಖ ನೋಡಿಕೊಂಡರು.

“ಸಾಕು ಬುಡವ್ವ, ಎಷ್ಟೂಂತ ತೊಳ್ದೀಯೆ. ಮಣ್ಣಿಗೋಗೋ ಕೈಯಿ,” ಎಂದಳು ಪಕ್ಕದ ಮನೆಯ ಚಿಕ್ಕಬೋರಮ್ಮ.

ಮಾದಮ್ಮ ಇನ್ನೊಂದು ಹಿಡಿ ಬೂದಿ ತೆಗೆದುಕೊಂಡಳು. ಅವಳ ಸಂಕಟ ಅವಳಿಗೆ. ಆ ಅಂಟು ಎಲ್ಲಿಯದೆಂದು ಊರಿಗೆ ಗೊತ್ತಾಗಬಾರದು. ಪೊಲೀಸರಿಗೆ ಮಾತ್ರ ಇವತ್ತು ಗೊತ್ತಾಗಲೇಬೇಕು. ಮುದ್ದಯ್ಯನ ತಮ್ಮ ದ್ಯಾವಯ್ಯ ನಿನ್ನೆಯೇ ಅರ್ಜಿ ಬರೆಸಿಕೊಂಡು ಮೈಸೂರಿನ ಜೈಲಿಗೆ ಹೋಗಿದ್ದ. ಅಲ್ಲಿದ್ದ ಒಬ್ಬನೇ ಮಗ ಮಹದೇವಸ್ವಾಮಿಯನ್ನು ಮಧ್ಯಾಹ್ನದ ಬಸ್ಸಿಗೆ ಪೊಲೀಸರು ಕರೆದುಕೊಂಡು ಬರುತ್ತಾರೆ, ಮಣ್ಣಾದ ಮೇಲೆ ವಾಪಸು ಒಯ್ಯುತ್ತಾರೆ ಎಂದು ಸುದ್ದಿ ಬಂದಿತ್ತು. ಬಂದ ಮಗನನ್ನು ವಾಪಸು ಕಳಿಸದೆ ಉಳಿಸಿಕೊಳ್ಳುವ ದಾರಿಯೊಂದು ತನ್ನ ಬಳಿ ಇದೆ ಎಂದು ಮಾದಮ್ಮ ನಂಬಿದ್ದಳು. ಗಂಡ ಸತ್ತ ದುಃಖವನ್ನೂ ಅವಳು ಆ ನಂಬಿಕೆಯ ಹಿಂದೆ ತಳ್ಳಿ ನಿಲ್ಲಿಸಿದ್ದಳು.

*

ಮುದ್ದಯ್ಯ ಸಿಂಧಘಟ್ಟದ ಕಡೆಯ ಆ ಹಳ್ಳಿಯಲ್ಲಿ ಇದ್ದಾನೋ ಇಲ್ಲವೋ ಎಂಬುದೇ ಅರ್ಧ ಊರಿಗೆ ಗೊತ್ತಿರಲಿಲ್ಲ. ಎರಡು ಹಸು, ಒಂದು ತುಂಡು ರಾಗಿ ಹೊಲ, ಹೆಗಲ ಮೇಲೊಂದು ಟವೆಲು. ಯಾರಾದರೂ ಗದರಿದರೆ ತಪ್ಪು ಯಾರದೆಂದು ಯೋಚಿಸದೆ ತಾನೇ ತಲೆ ತಗ್ಗಿಸುವ ಪೈಕಿ. ಇಂಥ ಮನುಷ್ಯ ಗುಡ್ಡದ ಹಿಂದೆ ಬಂಗಿ ಸೊಪ್ಪು, ಅಂದರೆ ಗಾಂಜಾ, ಬೆಳೆಯುತ್ತಾನೆಂದರೆ ಯಾರು ನಂಬುತ್ತಾರೆ?

ಅದು ಅವನಿಗೆ ಅಪ್ಪನಿಂದ ಬಂದ ಕೆಲಸ. ಮನೆದೇವರ ಕತೆ ಹಾಡಲು ವರ್ಷಕ್ಕೊಮ್ಮೆ ಬರುವ ನೀಲಗಾರರಿಗೆ ಸೇದಲು ಬಂಗಿ ಕೊಟ್ಟು ಸೇವೆ ನಡೆಸಬೇಕು. ಅಷ್ಟಕ್ಕಾಗುವ ನಾಲ್ಕು ಗಿಡ ಲಂಟಾನ ಪೊದೆಯ ನಡುವೆ ಬಂಡೆಗಳ ತಗ್ಗಿನಲ್ಲಿ ಬೆಳೆದುಕೊಳ್ಳುತ್ತಿದ್ದವು. ಬೀಜ ಚೆಲ್ಲಿ ಬಂದರೆ ಮುಗಿಯಿತು, ಮಿಕ್ಕಿದ್ದು ಮಳೆಯದು. ಅದು ಯಾರ ಜಮೀನೂ ಅಲ್ಲ, ಆಡು ಕಾಯುವವರೂ ಮುಳ್ಳಿಗೆ ಹೆದರಿ ಆ ಕಡೆ ಸುಳಿಯುತ್ತಿರಲಿಲ್ಲ. ಆಮೇಲೆ ಪೇಟೆಯ ಕಡೆಯಿಂದ ಸೊಪ್ಪು ಕೊಳ್ಳಲು ಸ್ಕೂಟರಿನಲ್ಲಿ ಒಬ್ಬ ಬರತೊಡಗಿದ. ನಾಲ್ಕು ಗಿಡ ಹೋಗಿ ತಗ್ಗು ತುಂಬ ಗಿಡವಾಯಿತು. ಮನೆಗೆ ಹೆಂಚು ಬಂತು, ಎರಡನೆಯ ಹಸು ಬಂತು. ದೇವರ ಸೊಪ್ಪು ಯಾವಾಗ ಕಳ್ಳಸೊಪ್ಪಾಯಿತೆಂದು ಮುದ್ದಯ್ಯನಿಗೂ ತಿಳಿಯಲಿಲ್ಲ.

ಮಗ ಬಾಡಿಗೆಗೆ ಟ್ರಾಕ್ಟರು ಓಡಿಸುತ್ತಿದ್ದವನು, ಅಂದು ಅಪ್ಪನನ್ನು ಊಟಕ್ಕೆ ಕರೆಯಲು ಗುಡ್ಡ ಹತ್ತಿದ್ದ. ಮುದ್ದಯ್ಯ ಕೆಳಗೆ ಕಟ್ಟೆಯಲ್ಲಿ ನೀರು ತುಂಬಿಸಿಕೊಳ್ಳುತ್ತಿದ್ದ. ಅವನು ಬಿಂದಿಗೆ ಹೊತ್ತು ಮೇಲೆ ಬರುವಷ್ಟರಲ್ಲಿ ಗಿಡಗಳೂ ಇರಲಿಲ್ಲ, ಮಗನೂ ಇರಲಿಲ್ಲ. ಆಚೆ ಮಗ್ಗುಲಲ್ಲಿ ಜೀಪು ಇಳಿದು ಹೋಗುವ ಧೂಳು ಮಾತ್ರ ಕಂಡಿತು. ಠಾಣೆಗೆ ಓಡಿದ. ಗಿಡ ತನ್ನವೆಂದು ಕೈಮುಗಿದ. ಮಗನನ್ನು ಬಿಡಿಸಿಕೊಳ್ಳಲು ಎಲ್ಲ ಅಪ್ಪಂದಿರೂ ಹೀಗೇ ಹೇಳುತ್ತಾರೆ ಎಂದು ಅಲ್ಲಿದ್ದವರು ನಕ್ಕರು. ಅಷ್ಟರಲ್ಲಿ ಮಗ ಎಲ್ಲ ತನ್ನದೇ ಎಂದು ಒಪ್ಪಿ ಸಹಿ ಹಾಕಿಯಾಗಿತ್ತು. ಕೋರ್ಟು ಮಗನ ಮಾತನ್ನೇ ನಂಬಿತು. ಐದು ವರ್ಷ ಎಂದಿತು.

*

ಹೆಣವನ್ನು ಜಗುಲಿಯ ಗೋಡೆಗೆ ಒರಗಿಸಿ ಕೂರಿಸಿದ್ದರು. ತಮಟೆಯವರು ಬೆಂಕಿಯ ಹತ್ತಿರ ತಮಟೆ ಕಾಯಿಸಿಕೊಳ್ಳುತ್ತಿದ್ದರು. ಬೂಕನಕೆರೆಯಿಂದ ಬಂದ ನೆಂಟರು ಚಪ್ಪರದ ಕೆಳಗೆ ಕೂತು, ಸತ್ತವನ ಗುಣಗಾನಕ್ಕೆ ಏನೂ ಸಿಗದೆ, ಒಳ್ಳೆಯ ಮನುಷ್ಯ, ಯಾರ ತಂಟೆಗೂ ಹೋದವನಲ್ಲ ಎಂಬುದನ್ನೇ ತಿರುಗಾಮುರುಗಾ ಹೇಳುತ್ತಿದ್ದರು. ಈ ವಯಸ್ಸಿನಲ್ಲಿ ಬಿಂದಿಗೆ ಹೊತ್ತು ಗುಡ್ಡ ಯಾಕೆ ಹತ್ತುತ್ತಿದ್ದ ಎಂದು ಒಬ್ಬರು ಕೇಳಿದರು. ನಿನ್ನೆ ಬೆಳಿಗ್ಗೆ ಅವನು ಗುಡ್ಡದ ಕಾಲುದಾರಿಯಲ್ಲಿ ಬಿದ್ದಿದ್ದುದನ್ನು ಮೊದಲು ಕಂಡವನು ದ್ಯಾವಯ್ಯ. ಮಗ ಜೈಲಿಗೆ ಹೋದ ಮೇಲೆ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ ಎಂದು ಇನ್ನೊಬ್ಬರು ಉತ್ತರ ಕೊಟ್ಟರು.

ಮಹದೇವಸ್ವಾಮಿ ಬಂದಾಗ ಚಪ್ಪರದವರು ಎದ್ದು ದಾರಿ ಬಿಟ್ಟರು. ಜೊತೆಗೆ ಇಬ್ಬರು ಪೊಲೀಸರು. ಅವರಲ್ಲಿ ಹಿರಿಯ, ದಫೇದಾರ ಚಲುವರಾಜು, ಪಾಲಹಳ್ಳಿಯ ಕಡೆಯ ರೈತರ ಮಗ. ಬೀದಿ ತುದಿಯಲ್ಲೇ ನಿಂತು ಕೈಕೋಳ ಬಿಚ್ಚಿ ಜೇಬಿಗೆ ಹಾಕಿಕೊಂಡಿದ್ದ. ಮಗ ಅಪ್ಪನ ಬಾಯಿಗೆ ಅಕ್ಕಿ ಹಾಕಿದ, ಕಾಲು ಹಿಡಿದುಕೊಂಡ, ಅಲ್ಲೇ ಕುಕ್ಕರಿಸಿದ. ಜೈಲಿನಲ್ಲಿ ತಲೆಗೂದಲು ಸಣ್ಣಗೆ ಕತ್ತರಿಸಿದ್ದರು. ಮಾದಮ್ಮನಿಗೆ ಅವನ ತಲೆ ಸವರಬೇಕೆನ್ನಿಸಿತು. ಆದರೆ ಅವಳು ಒಂದು ಲೋಟ ಕಾಫಿ ಹಿಡಿದುಕೊಂಡು ಕೊಟ್ಟಿಗೆಯ ಹತ್ತಿರ ನಿಂತಿದ್ದ ದಫೇದಾರನ ಬಳಿಗೆ ಹೋದಳು.

“ದಫೇದಾರಪ್ಪ, ಒಂದ್ ಮಾತೈತೆ. ಅವತ್ತು ಸಿಕ್ಕಿದ್ದು ನನ್ ಮಗ ಬೆಳ್ದುದ್ದಲ್ಲ. ಅಗೋ, ಜಗುಲಿ ಮ್ಯಾಲೆ ಕುಂತವ್ರಲ್ಲ, ಅವ್ರು ಬೆಳ್ದುದ್ದು. ಮತ್ತೂ ಬೆಳ್ದವ್ರೆ. ಗುಡ್ಡದ ಇಂದಕ್ಕೆ ಬಾ, ತೋರುಸ್ತೀನಿ.”

ಚಲುವರಾಜು ಬಾಯಿಗೊಯ್ದ ಲೋಟವನ್ನು ಕೆಳಗಿಳಿಸಿದ. ಇನ್ನೊಬ್ಬ ಪೊಲೀಸು ದೂರದಲ್ಲಿದ್ದಾನೆಯೇ ಎಂದು ನೋಡಿದ.

“ಅವ್ವಾ, ನೀನು ನಂಗೇನೂ ಏಳ್ಲಿಲ್ಲ. ನಾನೇನೂ ಕೇಳ್ಲಿಲ್ಲ.”

“ಏಳ್ತಾ ಇವ್ನಿ ಕಣಪ್ಪ. ಬಂದು ಕಣ್ಣಾರೆ ನೋಡು. ಮಗ ಒಳಗವ್ನೆ, ಗಿಡ ಇಲ್ ಬೆಳೀತಾವೆ. ಅಂದ್ಮೇಲೆ ಬೆಳ್ದೋರು ಯಾರು? ನೀನೇ ಏಳು.”

“ನೋಡುದ್ರೆ ಬರೀಬೇಕಾಯ್ತದೆ,” ಎಂದ ಅವನು, ತಗ್ಗಿದ ದನಿಯಲ್ಲಿ. “ಯಾರೆಸ್ರು ಬರೀಲಿ? ಸತ್ತೋರ ಮ್ಯಾಲೆ ಕೇಸು ನಡ್ಯಕಿಲ್ಲ. ಮನೇಲಿರೋಳು ನೀನು, ನಿನ್ನೆಸ್ರು ಬತ್ತದೆ. ಇಲ್ದಿದ್ರೆ ಮಗ ಒಳಗಿಂದ್ಲೇ ಏಳ್ಕೊಟ್ಟು ಬೆಳುಸ್ದ ಅಂತ ಅವನ ತಲೆಗೇ ಇನ್ನೊಂದು ಕಟ್ತಾರೆ.”

“ಅಂಗಾರೆ ಇವ್ರು ಬೆಳ್ದುದ್ದು?”

ಗುಡ್ಡ ಚಲುವರಾಜುವಿನ ಎದುರಿಗೇ ಇತ್ತು. ಅವನು ಬೇಕೆಂದೇ ಬೆನ್ನು ತಿರುಗಿಸಿ ಹಸುವಿನ ಕಡೆ ನೋಡಿದ. ಇವತ್ತೇ ಕಿತ್ತು ಹಾಕು, ನಾಳೆಯಿಂದ ಸೌದೆಗೋ ಸೊಪ್ಪಿಗೋ ಯಾರಾದರೂ ಹತ್ತೇ ಹತ್ತುತ್ತಾರೆ ಎಂದು ಹಸುವಿಗೆ ಹೇಳುವವನಂತೆ ಹೇಳಿ, ಕಾಫಿ ಮುಗಿಸಿ, ಲೋಟ ಕೊಟ್ಟು ಹೊರಟುಹೋದ.

*

ತೀರ್ಪಾಗಿ ಬಂದ ದಿನ ಮುದ್ದಯ್ಯ ಊಟ ಮಾಡಲಿಲ್ಲ. ಮರುದಿನವೂ ಇಲ್ಲ. ಆಮೇಲೊಂದು ಬೆಳಿಗ್ಗೆ ಎದ್ದು, ಅಟ್ಟದ ಮೇಲಿನ ಸೋರೆಬುರುಡೆಯಿಂದ ಬೀಜ ಸುರಿದುಕೊಂಡ. ಮಾದಮ್ಮ ಅಡ್ಡ ನಿಂತು ಬಾಯಿಗೆ ಬಂದಂತೆ ಬೈದಳು. ಅವನು ಎಂದೂ ಇಲ್ಲದಷ್ಟು ಸಮಾಧಾನದಲ್ಲಿ ನಕ್ಕ.

“ನಾನು ಬೆಳ್ದೋನು ಅಂದ್ರೆ ನಂಬಕಿಲ್ಲ ಅಲ್ವಾ? ಬೆಳ್ದು ತೋರುಸ್ತೀನಿ. ಆಳೆತ್ತರ ಬರ್ಲಿ, ನಾನೇ ಓಗಿ ಪೊಲೀಸ್ನೋರ್ನ ಕರ್ಕಬತ್ತೀನಿ. ನನ್ ಮಗ ಜೈಲಲ್ಲವ್ನೆ, ಇದ್ಯಾರ್ ಬೆಳ್ದ್ರು ಅಂತ ಕೇಳ್ತೀನಿ. ಆವಾಗ ಏನಂತಾರೆ?”

ಲೆಕ್ಕ ಸರಿಯಾಗಿಯೇ ಇದ್ದಂತೆ ಮಾದಮ್ಮನಿಗೂ ಕಂಡಿತು. ಮಳೆ ಕೈಕೊಟ್ಟ ವರ್ಷ ಅದು. ಹಿಂದೆ ಬಹುಪಾಲು ಮಳೆಗೇ ಬಿಟ್ಟು ಯಾವಾಗಲೋ ಒಮ್ಮೆ ನೀರು ಹೊರುತ್ತಿದ್ದವನು ಈಗ ದಿನಾ ಬೆಳಿಗ್ಗೆ ಬಿಂದಿಗೆ ಹೊತ್ತ. ನಡುವೆ ಎದೆ ಹಿಡಿದುಕೊಂಡು ಕೂರುತ್ತಿದ್ದ, ಅದನ್ನು ಹೆಂಡತಿಗೆ ಹೇಳಲಿಲ್ಲ. ಎಷ್ಟೆತ್ತರ ಬಂದವು ಎಂದು ಅವಳು ಕೇಳಿದರೆ ಮೊದಲು ಮೊಣಕಾಲು ಮುಟ್ಟಿ ತೋರಿಸಿದ, ಆಮೇಲೆ ಸೊಂಟ, ಆಮೇಲೆ ಎದೆ. ಮಗ ಬೆಳೆಯುವುದನ್ನೂ ಅವನು ಹಿಂದೆ ಹಾಗೆಯೇ ತೋರಿಸುತ್ತಿದ್ದ.

*

ಹೆಣ ಎತ್ತುವ ಮೊದಲು ಮಾದಮ್ಮ ಅಳುವ ನೆಪದಲ್ಲಿ ಮಗನ ಕುತ್ತಿಗೆಗೆ ಜೋತುಬಿದ್ದು, ಅಪ್ಪ ಗುಡ್ಡ ಹತ್ತುತ್ತಿದ್ದುದು ಯಾಕೆಂದು ಕಿವಿಯಲ್ಲಿ ಹೇಳಿದಳು. ಮಹದೇವಸ್ವಾಮಿ ಮೊದಲು ಅರ್ಥವಾಗದವನಂತೆ ನೋಡಿದ. ಅರ್ಥವಾದ ಮೇಲೆ ಅಲ್ಲಿಯವರೆಗೆ ಅಳದೆ ಇದ್ದವನು ಹಣೆ ಹಣೆ ಚಚ್ಚಿಕೊಂಡ.

“ಅಪ್ಪ ಮನೇಲಿ ನೆಮ್ದಿಯಾಗಿರ್ಲಿ ಅಂತ ಕಣವ್ವ ನಾನು ಒಪ್ಕಂಡಿದ್ದು,” ಎಂದ.

ನೆಂಟರು ಅವನನ್ನು ಹಿಡಿದೆತ್ತಿದರು. ತಮಟೆ ಬಡಿಯತೊಡಗಿತು. ಮುದ್ದಯ್ಯನನ್ನು ಗುಡ್ಡದ ಬುಡದ ರಾಗಿ ಹೊಲಕ್ಕೆ ಒಯ್ದರು. ಅವನ ಅಪ್ಪನನ್ನು ಮಣ್ಣು ಮಾಡಿದ್ದೂ ಅಲ್ಲೇ. ಹೆಂಗಸರು ಊರ ಬಾಗಿಲ ತನಕ ಹೋಗಿ ನಿಂತರು. ಅಲ್ಲಿಂದ ತಿರುಗುವಾಗ ಮಾದಮ್ಮ, ಬಯಲಿಗೆ ಹೋಗಿ ಬರುತ್ತೇನೆ, ನೀವು ನಡೆಯಿರಿ ಎಂದಳು. ಗಂಡ ಸತ್ತವಳನ್ನು ಒಬ್ಬಳನ್ನೇ ಬಿಡಲು ಚಿಕ್ಕಬೋರಮ್ಮನಿಗೆ ಮನಸ್ಸಿರಲಿಲ್ಲ, ಆದರೆ ಈ ಮಾತಿಗೆ ಜೊತೆಗೆ ಬರುತ್ತೇನೆಂದು ಹಟ ಹಿಡಿಯುವುದು ಹೇಗೆ?

ಮುಳ್ಳು ಸೀರೆ ಹಿಡಿದೆಳೆಯುತ್ತಿದ್ದರೂ ಬಿಡದೆ ಮಾದಮ್ಮ ಹತ್ತಿದಳು. ಆ ಜಾಗವನ್ನು ಅವಳು ಗಂಡನ ಬಾಯಲ್ಲಿ ಕೇಳಿದ್ದಳೇ ಹೊರತು ಅದುವರೆಗೆ ನೋಡಿರಲಿಲ್ಲ. ಬಂಡೆಗಳ ನಡುವೆ ಗಿಡಗಳು ಅವಳ ತಲೆ ಮೀರಿ ನಿಂತಿದ್ದವು. ಒಂದೊಂದರ ಬುಡಕ್ಕೂ ದುಂಡಗೆ ಪಾತಿ, ಪಾತಿಯ ಸುತ್ತ ಆಡು ಬಾಯಿ ಹಾಕದಂತೆ ಮುಳ್ಳು. ಇಷ್ಟು ಒಪ್ಪವಾಗಿ ಅವನು ರಾಗಿಯನ್ನೂ ಬೆಳೆದಿರಲಿಲ್ಲ. ಮಾದಮ್ಮನಿಗೆ ಸಿಟ್ಟು ಬಂತು. ಆಳೆತ್ತರ ಎಂದಿದ್ದನಲ್ಲ, ಬಂದಿದ್ದವಲ್ಲ, ನಾಲ್ಕು ದಿನ ಮುಂಚೆ ಹೋಗಿ ಕರೆದುಕೊಂಡು ಬರಲು ಏನಾಗಿತ್ತು ಇವನಿಗೆ? ಮರುಗಳಿಗೆಗೆ, ಕರೆದುಕೊಂಡು ಬಂದಿದ್ದರೂ ಅವರು ಅಪ್ಪನನ್ನೂ ಒಳಗೆ ಹಾಕಿ ಮಗನನ್ನೂ ಬಿಡುತ್ತಿರಲಿಲ್ಲವೇನೋ ಎನ್ನಿಸಿ ಸಿಟ್ಟೂ ಕೈಬಿಟ್ಟಿತು.

ಕೀಳತೊಡಗಿದಳು. ನೀರುಂಡ ಮಣ್ಣು, ಬೇರು ಸಮೇತ ಸಲೀಸಾಗಿ ಬಂದವು. ಕೆಳಗೆ ತಮಟೆ ನಿಂತಿತು. ಬಂಡೆಯ ಸಂದಿನಿಂದ ಇಣುಕಿದರೆ ಹೊಲದಲ್ಲಿ ಗುಂಡಿಯ ಸುತ್ತ ಜನ ಬಾಗಿದ್ದರು. ಒಬ್ಬೊಬ್ಬರೇ ಬಗ್ಗಿ ಮಣ್ಣು ಹಾಕುತ್ತಿದ್ದರು. ಮಗ ಯಾರೆಂದು ಅಷ್ಟು ದೂರದಿಂದ ಗುರುತು ಹತ್ತಲಿಲ್ಲ. ಹಿಂದೆಯೇ ನಿಂತಿದ್ದ ಖಾಕಿ ನೋಡಿ ಗುರುತು ಹಿಡಿದಳು. ಅವರು ಅಲ್ಲಿ ಗಂಡನನ್ನು ಮುಚ್ಚುತ್ತಿದ್ದರು, ಇವಳು ಇಲ್ಲಿ ಅವನು ಬೆಳೆದದ್ದನ್ನು ಕೀಳುತ್ತಿದ್ದಳು. ಅಳು ಬಂದಿದ್ದು ಆಗ. ಅಳುತ್ತಲೇ ಗಿಡಗಳನ್ನೆಲ್ಲ ಬಂಡೆಯ ಬಿರುಕಿಗೆ ತುರುಕಿ, ಮೇಲೆ ಕಲ್ಲು ಹೇರಿ, ಕಲ್ಲಿನ ಮೇಲೆ ಮುಳ್ಳು ಎಳೆದಳು.

ಮನೆಗೆ ಬಂದಾಗ ಹೆಂಗಸರು ಜಗುಲಿ ತೊಳೆದು, ಹೆಣ ಕೂರಿಸಿದ್ದ ಜಾಗದಲ್ಲಿ ದೀಪ ಹಚ್ಚಿಟ್ಟಿದ್ದರು. ಮಣ್ಣಿಗೆ ಹೋದವರು ಮಿಂದು ಬಂದು ಆ ದೀಪ ನೋಡಬೇಕು. ಮಗನಾದವನು ನೋಡದೆ ಬೇರೆಲ್ಲಿಗೂ ಹೆಜ್ಜೆ ಇಡಬಾರದು. ಗಂಡಸರು ಒಬ್ಬೊಬ್ಬರಾಗಿ ಬಂದು ನೋಡಿ ಕೈಮುಗಿದರು. ದ್ಯಾವಯ್ಯ ಬಂದ. ಮಹದೇವಸ್ವಾಮಿ ಬರಲಿಲ್ಲ. ಕತ್ತಲಾಗುವುದರೊಳಗೆ ಜೈಲಿಗೆ ಒಪ್ಪಿಸಬೇಕಂತೆ, ಇದೇ ಬಸ್ಸು ಎಂದು ಹೊಲದಿಂದ ಹಾಗೇ ರಸ್ತೆಗೆ ಕರೆದುಕೊಂಡು ಹೋದರು ಎಂದ ದ್ಯಾವಯ್ಯ, ಅತ್ತಿಗೆಯ ಮುಖ ನೋಡಲಾರದೆ.

ಮಾದಮ್ಮ ಬಗ್ಗಿ ದೀಪವನ್ನು ಎತ್ತಿಕೊಂಡಳು. ಎತ್ತಬಾರದು ಎಂದು ಯಾರೋ ಅಂದರು. ಸೆರಗು ಮರೆಮಾಡಿಕೊಂಡು ಅವಳು ಬೀದಿಗಿಳಿದಾಗಿತ್ತು. ಓಡಿದರೆ ಆರುತ್ತದೆ, ನಿಧಾನಿಸಿದರೆ ಬಸ್ಸು ಹೋಗುತ್ತದೆ. ಎಣ್ಣೆ ಚೆಲ್ಲಿ ಅಂಗೈ ಸುಡುತ್ತಿತ್ತು. ಪಾಂಡವಪುರ, ಶ್ರೀರಂಗಪಟ್ಟಣದ ಮೇಲೆ ಮೈಸೂರಿಗೆ ಹೋಗುವ ಬಸ್ಸು ಅರಳಿಮರದ ಹತ್ತಿರ ಹೊರಡಲು ಗುರುಗುಡುತ್ತಿತ್ತು. ಕಿಟಕಿಯಲ್ಲಿ ಮಗನ ಸಣ್ಣಕೂದಲಿನ ತಲೆ ಕಂಡಿತು. ಅವನಿಗಿಂತ ಮೊದಲು ಅವಳನ್ನು ಕಂಡವನು ಪಕ್ಕದಲ್ಲಿದ್ದ ಚಲುವರಾಜು; ಕಂಡಕ್ಟರನ ಕಡೆ ಕೈ ಎತ್ತಿದ.

ಮಾದಮ್ಮ ಸೆರಗು ಸರಿಸಿ ದೀಪವನ್ನು ಕಿಟಕಿಯ ಎತ್ತರಕ್ಕೆ ಹಿಡಿದಳು. ಮಹದೇವಸ್ವಾಮಿ ಕಂಬಿಯ ಸಂದಿನಿಂದ ಬಲಗೈ ಚಾಚಿದ. ಆ ಕೈಗೆ ಕೋಳ, ಕೋಳದ ಇನ್ನೊಂದು ಬಳೆ ದಫೇದಾರನ ಎಡಗೈಗೆ. ಮಗನ ಕೈಯ ಹಿಂದೆ ದಫೇದಾರನ ಕೈಯೂ ಕಿಟಕಿಯಿಂದ ಹೊರಗೆ ಬಂತು. ಎರಡು ಅಂಗೈಗಳೂ ಒಂದರ ಪಕ್ಕ ಒಂದು ಉರಿಯ ಮೇಲೆ ನಿಂತವು, ಒಟ್ಟಿಗೇ ಒಳಗೆ ಹೋದವು. ಮಗ ಅಂಗೈಯನ್ನು ಕಣ್ಣಿಗೊತ್ತಿಕೊಂಡ. ಬೇರೆ ದಾರಿಯಿಲ್ಲದೆ ಚಲುವರಾಜುವಿನ ಕೈಯೂ ಅವನ ಮುಖದ ತನಕ ಏರಿ, ಅವನು ಬಿಡುವವರೆಗೂ ಅಲ್ಲೇ ಕಾದಿತ್ತು.