ಕರೆದರೆ ಓ ಎನ್ನಿ

ಹಾರೆ ಠಣ್ ಎಂದು ಹಿಂದಕ್ಕೆ ಪುಟಿಯಿತು. ಎಜ್ರಾ ಜುಮುಗುಟ್ಟುವ ಕೈಯನ್ನು ಝಾಡಿಸಿಕೊಂಡ. ಎರಡು ದಿನ ಬಿಡದೆ ಸೌದೆ ಉರಿಸಿ ನೆಲವನ್ನು ಮೆತ್ತಗೆ ಮಾಡಿದ್ದರೂ ಸೊಂಟದಾಳದ ಕೆಳಗೆ ಮಣ್ಣು ಇನ್ನೂ ಬಂಡೆಯಂತೆ ಹೆಪ್ಪುಗಟ್ಟಿತ್ತು.

“ನಿಮ್ಮಕ್ಕ ಬದುಕಿದ್ದಾಗ ಮಂತ್ರಿಗಳು ಬಗ್ಗಲಿಲ್ಲ, ಈಗ ನೋಡಿದ್ರೆ ನೆಲಾನೂ ಬಗ್ತಿಲ್ಲ,” ಎಂದ ಲೀವೈ. ಅವನು ಎಜ್ರಾನ ಚಿಕ್ಕಪ್ಪನ ಮಗ. ಸಾವಿನ ಮನೆಯಲ್ಲೂ ನಾಲಗೆಗೆ ಬೀಗ ಹಾಕದವನು. ಸಲಿಕೆಯಲ್ಲಿ ಕೆಂಡ ತಂದು ಗುಂಡಿಗೆ ಸುರಿದ. “ಎಮ್ಮೆಲ್ಲೆ ಅಂದ್ರೆ ಸುಮ್ನೇನಾ? ಅವಳ ಗುಂಡೀನೂ ಹನ್ನೊಂದು ವರ್ಷ ತಗೊಳ್ಳುತ್ತೆ.”

ಎಜ್ರಾ ನಗಲಿಲ್ಲ. ಆಗಲೇ ಅವನಿಗೆ ಆ ಕೂಗು ಕೇಳಿಸಿತ್ತು. ಎಜ್ರಾ! ಸ್ಪ್ರೂಸ್ ಮರಗಳ ಹಿಂದಿನಿಂದ, ಕೊನೆಯ ಅಕ್ಷರವನ್ನು ಎಳೆದು ಕರೆದ ಹೆಂಗಸಿನ ದನಿ. ಅವನು ತಿರುಗಿ ನೋಡಲಿಲ್ಲ. ಮೂರು ವರ್ಷದಿಂದ ಈ ಕೂಗು ಅವನ ಬೆನ್ನು ಬಿಟ್ಟಿರಲಿಲ್ಲ. ಮೊಲದ ಉರುಲು ನೋಡಲು ಹೋದಾಗ, ಮಂಜುಗಡ್ಡೆ ಕೊರೆದು ಬಲೆ ಎತ್ತುವಾಗ, ಅಂಗಡಿಯಲ್ಲಿ ಚಹಾದ ಪೊಟ್ಟಣ ಹಿಡಿದು ನಿಂತಾಗಲೂ. ಕರೆದವರು ಕಣ್ಣಿಗೆ ಕಾಣದಿದ್ದರೆ ಓಗೊಡಬಾರದು ಎಂದು ಹಿರಿಯರು ಹೇಳುತ್ತಿದ್ದರು. ಅವನು ಒಂದು ಸಲವೂ ಓಗೊಟ್ಟಿರಲಿಲ್ಲ.

“ವಿಮಾನ ಬಂತು,” ಎಂದ ಲೀವೈ, ತಲೆಯೆತ್ತಿ.

ಎಜ್ರಾ ಹಾರೆಯನ್ನು ಮಣ್ಣಲ್ಲಿ ನೆಟ್ಟು ಮೇಲೆ ಹತ್ತಿದ. ಅಕ್ಕ ಮನೆಗೆ ಬಂದಿದ್ದಳು.

*

ಜೆಮೈಮಾ ವಾಪೂಸ್ ಸತ್ತದ್ದು ತೆಂಕಣದ ರಾಜಧಾನಿಯಲ್ಲಿ, ವಿಧಾನಸಭೆಯ ಮೆಟ್ಟಿಲುಗಳ ಮೇಲೆ. ಮೆದುಳಿನಲ್ಲಿ ರಕ್ತನಾಳ ಒಡೆಯಿತಂತೆ. ಅರವತ್ತಮೂರು ವರ್ಷ. ಕೈಯಲ್ಲಿದ್ದ ಚರ್ಮದ ಚೀಲ ಬಿದ್ದು ಬಾಯ್ಬಿಟ್ಟಾಗ ಅದರೊಳಗಿಂದ ಕಾಗದಗಳ ಜೊತೆ ಹೊಗೆಯಲ್ಲಿ ಒಣಗಿಸಿದ ಬಿಳಿಮೀನಿನ ತುಂಡುಗಳು ಉದುರಿದವಂತೆ. ಬಾಗಿಲು ಕಾಯುವವನಿಗೆ ಆ ವಾಸನೆ ಹೊಸದಲ್ಲ. ಪ್ರತಿ ಭಾನುವಾರ ಆಕೆ ಆ ಮೀನನ್ನು ಆರೈಕೆ ಮನೆಯಲ್ಲಿರುವ ತನ್ನ ಕಡೆಯ ಮುದುಕರಿಗೆ ಒಯ್ಯುತ್ತಾಳೆಂದು ಅವನಿಗೆ ಗೊತ್ತಿತ್ತು.

ಬಡಗಣ ಕಾಡಿನ ಮಿಕಿಸಿವ್ ಕೆರೆಯಂಥ ಊರುಗಳಿಗೆ ರಸ್ತೆಯಿಲ್ಲ. ಮುದುಕರ ಕೈಕಾಲು ಬಿದ್ದುಹೋದರೆ, ಬುದ್ಧಿ ಮಂಕಾದರೆ, ವಿಮಾನ ಹತ್ತಿಸಿ ತೆಂಕಣದ ಆರೈಕೆ ಮನೆಗೆ ಕಳಿಸುತ್ತಾರೆ. ಅಲ್ಲಿ ಅವರ ಮಾತು ಬಲ್ಲವರಿಲ್ಲ, ಅವರ ಅಡುಗೆ ಮಾಡುವವರಿಲ್ಲ. ತಿರುಗಿ ಬರುವುದು ಪೆಟ್ಟಿಗೆಯಲ್ಲಿ. ಊರಲ್ಲೇ ಹನ್ನೆರಡು ಹಾಸಿಗೆಯ ಒಂದು ಮನೆ ಕಟ್ಟಿಸಿ ಎಂದು ಜೆಮೈಮಾ ಸಭೆಯಲ್ಲಿ ಹನ್ನೊಂದು ವರ್ಷ ಕೂಗಿದಳು. ಹೋದ ಬೇಸಗೆಯಲ್ಲಿ ಒಪ್ಪಿಗೆ ಸಿಕ್ಕಿತು. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಗಳ ಮೇಲೆ ತೆರೆಯುವ ಮಂಜಿನ ಹಾದಿ ಈ ಸಲ ಬೇಗ ಕರಗಿದ್ದರಿಂದ ಕಟ್ಟಡದ ಮರ ಹೊತ್ತ ಲಾರಿಗಳು ಅರ್ಧದಾರಿಯಲ್ಲೇ ಹಿಂದೆ ಹೋದವು.

ಶಾಲೆಯ ಆಟದ ಕೋಣೆಯಲ್ಲಿ ಪೆಟ್ಟಿಗೆ ಇಟ್ಟರು. ಹೆಂಗಸರು ತಮ್ಮ ಕ್ರೀ ಭಾಷೆಯಲ್ಲಿ ಪ್ರಾರ್ಥನೆಯ ಹಾಡುಗಳನ್ನು ಎತ್ತಿದರು. ಎಜ್ರಾ ಕೆಸರಿನ ಬೂಟಿನಲ್ಲೇ ಮೂಲೆಯಲ್ಲಿ ನಿಂತ. ಅವನ ಮುಂದೆ ಗಾಲಿಕುರ್ಚಿಯಲ್ಲಿ ಹ್ಯಾನಾ ಚಿಕ್ಕಮ್ಮ ಕೂತಿದ್ದಳು. ಅವಳು ಅವನ ತಾಯಿಯ ಚಿಕ್ಕಪ್ಪನ ಮಗಳು, ಎಂಬತ್ತು ದಾಟಿದವಳು. ಕಾಲು ಸೋತು, ಬೆನ್ನಿಗೆ ಹುಣ್ಣಾಗಿ, ಅವಳಿಗೂ ತೆಂಕಣದ ಚೀಟಿ ಬಂದಿತ್ತು. ಪೆಟ್ಟಿಗೆ ತಂದ ವಿಮಾನದಲ್ಲೇ ಅವಳು ಮಧ್ಯಾಹ್ನ ಹೊರಡಬೇಕು. ಮೊಮ್ಮಗಳು ಸಹಿ ಹಾಕಿ ಅಡುಗೆಯ ಕಡೆ ಹೋಗಿ ಅಳುತ್ತಿದ್ದಳು.

“ಒಳ್ಳೆಯವಳೇ ಬಿಡು,” ಎಂದಳು ಹ್ಯಾನಾ, ಪಕ್ಕದವಳ ಕಿವಿಗೆ, ಆದರೆ ಎಲ್ಲರಿಗೂ ಕೇಳುವಂತೆ. “ಊರಿನವರ ಅಮ್ಮಂದಿರಿಗೆಲ್ಲ ಬಾಯಾದ್ಳು. ಹೆತ್ತಮ್ಮನ್ನ ಮಾತ್ರ ವಿಮಾನ ಹತ್ತಿಸಿದ್ಳು.”

“ಹೋದವರ ಮಾತು ಯಾಕೆ ಚಿಕ್ಕಮ್ಮ, ಸುಮ್ನಿರು,” ಎಂದ ಲೀವೈ.

“ಸುಮ್ನಿರ್ತೀನಪ್ಪ. ಅಲ್ಲಿಗೆ ಹೋದ್ಮೇಲೆ ಸುಮ್ನಿರೋದೇ ತಾನೇ? ಯಾರ ಹತ್ರ ಮಾತಾಡ್ಲಿ?”

ಎಜ್ರಾ ಗೋಡೆ ನೋಡಿದ.

*

ನಾಲ್ಕು ವರ್ಷದ ಹಿಂದೆ, ಜನವರಿಯ ಒಂದು ಬೆಳಗ್ಗೆ, ಅವರ ತಾಯಿ ಎಮಲೀನ್ ಬರಿಗಾಲಲ್ಲಿ ಕೆರೆಯ ಮೇಲೆ ನಡೆದುಹೋಗಿದ್ದಳು. ಎಂದೋ ಸತ್ತ ಗಂಡನಿಗೆ ಬುತ್ತಿ ಕೊಡಲು. ಎಜ್ರಾ ಹೆಜ್ಜೆ ಹಿಡಿದು ಓಡಿ ಅವಳನ್ನು ಹೊತ್ತು ತಂದಾಗ ಕಾಲಿನ ಎರಡು ಬೆರಳು ಚಳಿಗೆ ಸತ್ತು ಕಪ್ಪಾಗಿದ್ದವು. ಆರು ವರ್ಷದಿಂದ ಅವಳನ್ನು ಮೀಯಿಸಿ, ಉಣ್ಣಿಸಿ, ಬಟ್ಟೆ ಬದಲಿಸಿದವನು ಅವನೊಬ್ಬನೇ. ಆ ಬೆಳಗ್ಗೆ ಅವಳನ್ನು ಒಲೆಯ ಪಕ್ಕ ಕೂರಿಸಿ, ಅವಳ ಭುಜ ಹಿಡಿದು ಜೋರಾಗಿ ಅಲುಗಿಸಿದ. ಅವಳ ತಲೆ ಗೋಡೆಗೆ ತಾಗಿತು. ಅವಳು ಅಳಲಿಲ್ಲ. ‘ನೀನು ಯಾರ ಮಗನಪ್ಪಾ?’ ಎಂದು ಕೇಳಿದಳು.

ಅವನು ಅಕ್ಕನಿಗೆ ಫೋನು ಮಾಡಿದ.

“ನನ್ನ ಕೈಲಿ ಆಗಲ್ಲ ಅಕ್ಕ. ಕರಕೊಂಡು ಹೋಗು. ನಾನು ಅವಳನ್ನ ಕೊಂದುಬಿಡ್ತೀನಿ.”

ಅದೇ ವಾರ ಸಭೆಯಲ್ಲಿ ಊರಲ್ಲೇ ಆರೈಕೆ ಮನೆ ಬೇಕೆಂಬ ಜೆಮೈಮಾಳ ಮಸೂದೆ ಬರುವುದಿತ್ತು.

“ಸಹಿ ನಾನು ಹಾಕ್ತೀನಿ,” ಎಂದಳು. “ನೀನು ಊರಲ್ಲಿ ಬಾಳೋನು ಕಣೋ. ಜನ ಕೇಳಿದ್ರೆ ಅಕ್ಕ ಕಳಿಸಿದ್ಳು ಅನ್ನು. ನಂಗೆ ಬೈಸಿಕೊಂಡು ಅಭ್ಯಾಸ ಇದೆ.”

ಜನ ಕೇಳಿದರು. ಅವನು ಹಾಗೇ ಹೇಳಿದ. ಮೊದಲ ಸಲ ತೊದಲುತ್ತಾ, ಆಮೇಲೆ ಸಲೀಸಾಗಿ, ಆಮೇಲೆ ಸಿಟ್ಟಿನಿಂದ. ಹೇಳುತ್ತಾ ಹೇಳುತ್ತಾ ಆ ಸಿಟ್ಟು ಅವನದೇ ಆಯಿತು. ಅಕ್ಕ ಫೋನು ಮಾಡಿದರೆ ಎತ್ತುತ್ತಿರಲಿಲ್ಲ. ತಾಯಿಯನ್ನು ನೋಡಲು ಒಮ್ಮೆಯೂ ಹೋಗಲಿಲ್ಲ. ಹನ್ನೊಂದು ತಿಂಗಳಿಗೆ ಎಮಲೀನ್ ಹೆಣವಾಗಿ ಬಂದಳು. ಆವತ್ತೂ ಅವನು ಅಕ್ಕನ ಜೊತೆ ಮಾತಾಡಲಿಲ್ಲ. ಅಂಗಡಿಯಲ್ಲಿ ಹ್ಯಾನಾ ಚಿಕ್ಕಮ್ಮ ಜೆಮೈಮಾಳ ಎದುರೇ ನೆಲಕ್ಕೆ ಉಗಿದಾಗ ಅವನು ಅಲ್ಲೇ ಇದ್ದ.

ಅದಾದ ಮೇಲೊಮ್ಮೆ, ಅದೇ ಅಂಗಡಿಯ ಟೀವಿಯಲ್ಲಿ ಸಭೆಯ ಕಲಾಪ ಬರುತ್ತಿತ್ತು. ಎದುರು ಸಾಲಿನವನೊಬ್ಬ ಎದ್ದು, ‘ಮುದುಕರನ್ನು ಊರಿಂದ ಕಿತ್ತು ಕಳಿಸುವುದು ಕ್ರೌರ್ಯ ಎನ್ನುತ್ತೀರಿ. ನಿಮ್ಮ ಸ್ವಂತ ತಾಯಿಯನ್ನು ಕಳಿಸಿದವರು ಯಾರು?’ ಎಂದ. ಸಭೆಯಲ್ಲಿ ಗದ್ದಲವಾಯಿತು. ಜೆಮೈಮಾ ಎದ್ದು ನಿಂತಳು.

‘ನಾನು,’ ಎಂದಳು. ‘ಅದಕ್ಕೇ ಅದು ಏನೆಂದು ನನಗೆ ಗೊತ್ತು.’

ಕೂತಳು. ಅಂಗಡಿಯವರೆಲ್ಲ ಎಜ್ರಾನ ಕಡೆ ತಿರುಗಿದರು, ಪಾಪ ಎಂಬಂತೆ. ಅವನು ಚಹಾದ ಪೊಟ್ಟಣ ತೆಗೆದುಕೊಂಡು ಮನೆಗೆ ಬಂದ.

*

“ನೀವು ಎಜ್ರಾ ಅಲ್ವಾ?”

ಪೆಟ್ಟಿಗೆಯ ಜೊತೆ ವಿಮಾನದಲ್ಲಿ ಬಂದಿದ್ದ ಗಿಡ್ಡ ಹೆಂಗಸು ಎದುರಿಗೆ ನಿಂತಿದ್ದಳು. ಮರೀಸೆಲ್ ಅಂತೆ, ತೆಂಕಣದ ಆರೈಕೆ ಮನೆಯಲ್ಲಿ ಕೆಲಸ. ಫಿಲಿಪೀನ್ಸ್ ಕಡೆಯವಳು. ರಜೆ ಹಾಕಿ ಬಂದಿದ್ದಳು.

“ನಿಮ್ಮ ದನಿ ಕೇಳಬೇಕು ಅಂತಿತ್ತು,” ಎಂದಳು. “ಹನ್ನೊಂದು ತಿಂಗಳು ದಿನಾ ನಿಮ್ಮ ಹೆಸರು ಕೇಳಿದೀನಿ.”

ಅವಳು ಕೋಟಿನ ಜೇಬಿನಿಂದ ಮೂಲೆ ಸವೆದ ಹಳದಿ ರಟ್ಟೊಂದನ್ನು ತೆಗೆದಳು. ಜೆಮೈಮಾ ಪ್ರತಿ ಮುದುಕರ ಮಂಚದ ಮೇಲೆ ಇಂಥದ್ದೊಂದು ಅಂಟಿಸಿದ್ದಳಂತೆ, ಯಾರು ಏನೆಂದರೆ ಏನರ್ಥ ಎಂದು ಬರೆದು. ಇದು ಎಮಲೀನಳ ಮಂಚದ್ದು. ಎಜ್ರಾ ಅಕ್ಕನ ದುಂಡು ಅಕ್ಷರ ಗುರುತಿಸಿದ.

‘ಇವರು ಎಮಲೀನ್. ಇವರು ಕೂಗುವುದು ಹುಚ್ಚಿನಿಂದಲ್ಲ. ಒಲೆಗೆ ಸೌದೆ ಹಾಕಲು ಮಗ ಎಜ್ರಾನನ್ನು ಕರೆಯುತ್ತಿದ್ದಾರೆ. ಅವನು ಬಹಳ ವರ್ಷ ಒಬ್ಬನೇ ಇವರನ್ನು ನೋಡಿಕೊಂಡ, ಈಗ ದಣಿದಿದ್ದಾನೆ. ಯಾರಿಗೆ ಕೇಳಿಸುತ್ತದೋ ಅವರು ದಯವಿಟ್ಟು ‘ಎಹೇ’ ಎಂದು ಓಗೊಡಿ. ಅಷ್ಟಾದರೆ ಸುಮ್ಮನಾಗುತ್ತಾರೆ.’

“ನಾವೆಲ್ಲ ಅಂತಿದ್ವಿ,” ಎಂದಳು ಮರೀಸೆಲ್. “ಅಡುಗೆಯವನು, ನೆಲ ಒರೆಸೋ ಹುಡುಗಿ, ಡಾಕ್ಟರೂ ಒಂದ್ಸಲ. ಎಹೇ, ಎಹೇ ಅಂತ.”

“ಸುಮ್ನಾಗ್ತಿದ್ಳಾ?”

ಸುಳ್ಳು ಹೇಳಲೋ ಬೇಡವೋ ಎಂಬ ಅನುಮಾನ ಮರೀಸೆಲಳ ಮುಖದಲ್ಲಿ ಕಾಣುತ್ತಿತ್ತು.

“ಆಗ್ತಿದ್ರು. ಕೊನೇ ವಾರ ಮಾತ್ರ ಆಗ್ಲಿಲ್ಲ. ಎಹೇ ಅಂದ್ರೆ ನಮ್ಮನ್ನ ದಿಟ್ಟಿಸಿ ನೋಡಿ, ಅಲ್ಲ ಅಂತ ತಲೆ ಆಡಿಸೋರು. ಮತ್ತೆ ಕರೆಯೋರು.”

ಎಜ್ರಾ ರಟ್ಟನ್ನು ಮಡಚಲು ಹೋದ. ಅದು ಮಡಚಿಕೊಳ್ಳಲಿಲ್ಲ.

*

ಗುಂಡಿಯ ಬಳಿ ಹಿಮಗಾಳಿ ಎದ್ದಿತ್ತು. ಪಾದ್ರಿ ಪುಸ್ತಕ ಮುಚ್ಚಿ, ಮನೆಯವರು ಮಾತಾಡುವುದಿದ್ದರೆ ಆಡಲಿ ಎಂದರು. ಎಜ್ರಾ ಆಡುವನೆಂದು ಯಾರೂ ಎಣಿಸಿರಲಿಲ್ಲ. ಆಗಲೇ ನಾಲ್ವರು ಹಗ್ಗ ಹಿಡಿದಿದ್ದರು.

“ಅಮ್ಮನ್ನ ಕಳಿಸಿದ್ದು ಅಕ್ಕ ಅಲ್ಲ,” ಎಂದ ಎಜ್ರಾ. “ನಾನು.”

ಗಾಳಿಯಲ್ಲಿ ಸರಿಯಾಗಿ ಕೇಳಿಸದೆ ಹಿಂದಿನವರು ಮುಂದೆ ಬಂದರು.

“ಅಮ್ಮನ ಮೇಲೆ ಕೈ ಮಾಡ್ದೆ. ಹೆದರಿಕೆ ಆಯ್ತು. ಕರಕೊಂಡು ಹೋಗು ಅಂತ ನಾನೇ ಫೋನು ಮಾಡ್ದೆ. ಅಕ್ಕ ತನ್ನ ಮೇಲೆ ಹಾಕ್ಕೊಂಡ್ಳು. ನಾನು ಹಾಕ್ಕೊಳ್ಳೋಕೆ ಬಿಟ್ಟೆ. ನೀವೆಲ್ಲ ಬೈದಾಗ ನಾನೂ ಬೈದೆ.”

ಆಗ ಮರಗಳ ಹಿಂದಿನಿಂದ ಕೂಗು ಬಂತು, ಬೆಳಗ್ಗೆ ಬಂದಂತೆಯೇ. ಎಜ್ರಾ!

“ಎಹೇ,” ಎಂದ ಅವನು, ಜೋರಾಗಿ.

ಯಾವ ಕೂಗೂ ಕೇಳಿಸದ ಜನ ಒಬ್ಬರ ಮುಖ ಒಬ್ಬರು ನೋಡಿದರು. ಲೀವೈ ಹಗ್ಗದ ತುದಿಯನ್ನು ಎಜ್ರಾನ ಕೈಗೆ ಕೊಟ್ಟು, “ಹಿಡಿ. ಭಾರ ಇದೆ,” ಎಂದಷ್ಟೇ ಅಂದ.

ಮಣ್ಣು ಮುಚ್ಚಿ ಮುಗಿದಾಗ ಹ್ಯಾನಾ ಚಿಕ್ಕಮ್ಮ ಅವನನ್ನು ಹತ್ತಿರ ಕರೆದಳು. ಕುರ್ಚಿಯ ಗಾಲಿ ಹಿಮದಲ್ಲಿ ಹೂತಿತ್ತು. ಬೈಯುತ್ತಾಳೆಂದು ಅವನು ಬಗ್ಗಿದ.

“ಅಂಗಡೀಲಿ ಅವಳ ಮುಂದೆ ಉಗಿದೆನಲ್ಲೋ,” ಎಂದಳು ಮುದುಕಿ. “ಬಾಯಿ ಒರೆಸ್ಕೊಳ್ಳಿ ಚಿಕ್ಕಮ್ಮ ಅಂತ ಕರವಸ್ತ್ರ ಕೊಟ್ಳು. ಈಗ ನಾನು ಎಲ್ಲಿ ಹೋಗಿ ಹೇಳ್ಲಿ? ಮೊದಲೇ ಹೇಳಕ್ಕೆ ನಿಂಗೇನಾಗಿತ್ತು ಮುಂಡೇದೇ?”

ಅವಳು ಅವನ ತೋಳಿಗೆ ಒಂದು ಗುದ್ದಿದಳು. ಮತ್ತೆ ಅದೇ ತೋಳು ಹಿಡಿದುಕೊಂಡಳು, ಬಿಡಲಿಲ್ಲ.

ವಿಮಾನದವನು ಅವಸರ ಮಾಡಿದ, ಮೋಡ ಇಳಿಯುತ್ತಿತ್ತು. ಎಜ್ರಾ ಹ್ಯಾನಾಳನ್ನು ಎತ್ತಿಕೊಂಡು ಏಣಿ ಹತ್ತಿದ. ಮಗುವಿನಷ್ಟು ಹಗುರವಾಗಿದ್ದಳು. ಕೂರಿಸಿ, ಪಟ್ಟಿ ಬಿಗಿದು, ಕಂಬಳಿ ಹೊದಿಸಿದ. ಮೊಮ್ಮಗಳು ಕೆಳಗೆ ನಿಂತು ಮುಖ ಮುಚ್ಚಿಕೊಂಡಿದ್ದಳು. ಅವಳಿಗೆ ಎರಡು ಕೂಸುಗಳು, ಜೊತೆಗೆ ಹೋಗುವಂತಿರಲಿಲ್ಲ. ಎಜ್ರಾ ಇಳಿಯಲಿಲ್ಲ. ಪಕ್ಕದ ಆಸನದಲ್ಲಿ ಕೂತ.

“ಬಟ್ಟೆಬರೆ ಏನೂ ಇಲ್ವಲ್ಲೋ!” ಎಂದು ಲೀವೈ ಕೆಳಗಿನಿಂದ ಕೂಗಿದ. “ಯಾವಾಗ ಬರ್ತೀಯ?”

“ನನ್ನ ಉರುಲುಗಳನ್ನ ನೋಡ್ಕೊ,” ಎಂದ ಎಜ್ರಾ.

ಹಿಂದಿನ ಆಸನದಲ್ಲಿ ಮರೀಸೆಲ್ ಕಣ್ಣು ಮುಚ್ಚಿದ್ದಳು. ವಿಮಾನ ಎದ್ದು ಊರಿನ ಮೇಲೆ ಒಂದು ಸುತ್ತು ತಿರುಗಿತು. ಹ್ಯಾನಾ ಗಾಜಿಗೆ ಹಣೆ ಒತ್ತಿ, ಕೆಳಗೆ ಬೆಳ್ಳಗೆ ಬಂದ ಒಂದೊಂದು ಕೆರೆಯನ್ನೂ ಹೆಸರು ಹಿಡಿದು ಹೇಳತೊಡಗಿದಳು. ಇದು ಬಾತಿನ ಕುತ್ತಿಗೆ. ಇದು ನಾನು ಹುಟ್ಟಿದ್ದು. ಇದು ಇಬ್ಬರು ಅಕ್ಕತಂಗೀರು. ಇದು ನಿಮ್ಮಪ್ಪ ಮುಳುಗಿದ್ದು. ಇದು ಹಸಿದ ಮೀನಿಂದು. ಎಜ್ರಾ ಒಂದೊಂದಕ್ಕೂ ಹ್ಞೂಂಗುಟ್ಟುತ್ತಾ ಹೋದ.

ಸುಮಾರು ಅರ್ಧ ತಾಸು ಕಳೆದ ಮೇಲೆ ಇನ್ನೊಂದು ಕೆರೆ ಬಂತು, ಉದ್ದಕ್ಕೆ, ಒಳಗೊಂದು ನಡುಗಡ್ಡೆ. ಮುದುಕಿ ಹೇಳಲೆಂದು ಬಾಯಿ ತೆರೆದಳು. ಗಾಜನ್ನು ಅಂಗೈಯಿಂದ ಒರೆಸಿ ಮತ್ತೆ ನೋಡಿದಳು. ಅದರ ಹೆಸರು ಅವಳಿಗೆ ಗೊತ್ತಿರಲಿಲ್ಲ.