ಕ್ಯಾಂಟೀನಿನವನ ಟಿಕೆಟ್ಟು

ದೀಪ ಆರಿದ ಮೇಲೂ ವಿಷ್ಣುಮೂರ್ತಿಗೆ ಕುರ್ಚಿಗೆ ಬೆನ್ನು ಆನಿಸಲು ಧೈರ್ಯ ಬರಲಿಲ್ಲ. ಮುಂಬಯಿ ಬಳಿಯ ಕಲ್ಯಾಣದ ಸುಪ್ರಭಾ ಟಾಕೀಸಿನ ಕ್ಯಾಂಟೀನಿನಲ್ಲಿ ಮೂವತ್ತೊಂದು ವರ್ಷ ಬಟಾಟೆವಡೆ ಕರಿದವನು, ಟಿಕೆಟ್ಟು ಹಿಡಿದು ಬಾಲ್ಕನಿಗೆ ಬಂದದ್ದು ಇವತ್ತೇ ಮೊದಲು. ಈ ಮ್ಯಾಟಿನಿಯೇ ಕೊನೆಯ ಆಟ, ನಾಳೆಯಿಂದ ಟಾಕೀಸಿಗೆ ಬೀಗ. ಕೆಡವಿ ಟವರು ಕಟ್ಟುತ್ತಾರಂತೆ.

ಅವನು ಸಿನಿಮಾ ನೋಡಿಲ್ಲವೆಂದಲ್ಲ. ನೂರಾರು ನೋಡಿದ್ದಾನೆ, ಎಲ್ಲವೂ ಅರ್ಧ. ಇಂಟರ್‌ವಲ್ಲಿನ ತನಕ ಬಾಣಲೆಯ ಮುಂದೆ. ಗೋಡೆಯಾಚೆ ಹೊಡೆದಾಟದ ಸದ್ದು ಏರಿತೆಂದರೆ ವಡೆ ಎಣ್ಣೆಗೆ. ಲೋಟ ತೊಳೆದಾದ ಮೇಲೆ ಬಾಗಿಲ ಬಳಿ ನಿಂತು ಉಳಿದದ್ದನ್ನು ನೋಡುವುದು. ಯಾರು ಸತ್ತರು, ಯಾರ ಮದುವೆಯಾಯಿತು ಎಂದು ಬೇಕಾದರೆ ಹೇಳಿಯಾನು. ಯಾಕೆ ಎಂದು ಮಾತ್ರ ಕೇಳಬಾರದು. ಒಂದು ಸಿನಿಮಾವನ್ನಾದರೂ ಬುಡದಿಂದ ತುದಿಯ ತನಕ ಕೂತು ನೋಡಬೇಕೆಂಬುದು ಅವನ ಹಳೆಯ ಆಸೆ. ಕೆಲಸದವನು ಕಳೆದ ತಿಂಗಳೇ ಬಿಟ್ಟುಹೋಗಿದ್ದ. ಹಾಗಾಗಿ ಇವತ್ತು ಹೆಂಡತಿ ಮುಕ್ತಾಳನ್ನು ಡೊಂಬಿವಲಿಯಿಂದ ಕರೆತಂದು ಬಾಣಲೆಯ ಮುಂದೆ ನಿಲ್ಲಿಸಿದ್ದ.

ಪರದೆಯ ಮೇಲೆ ನಾಯಕ ಮನೆ ಬಿಟ್ಟು ಹೊರಟಾಗ ವಿಷ್ಣುಮೂರ್ತಿಗೆ ಕಣ್ಣು ತುಂಬಿತು. ಓಹೋ, ಕೊನೆಗೆ ಹೊಡೆದಾಡುವುದು ಇದಕ್ಕೋ ಎಂದುಕೊಂಡ. ಹೊಡೆದಾಟ ಶುರುವಾದದ್ದೇ ಅವನ ಕಾಲುಗಳು ತಾವಾಗಿ ಎದ್ದವು. ಕೈಯಿಂದ ಒತ್ತಿ ಹಿಡಿದು ಕೂತ.

ಇಂಟರ್‌ವಲ್ಲಿಗೆ ಕೆಳಗಿಳಿದು ಬಂದಾಗ ವಡೆಯೆಲ್ಲ ಖಾಲಿಯಾಗಿತ್ತು. ಮುಕ್ತಾ ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದಳು.

"ಮೇಲೆ ತಂಪು ಉಂಟಾ?" ಎಂದಳು.

"ಉಂಟು. ನೀನು ಯಾವತ್ತೂ ಹತ್ತಲೇ ಇಲ್ವಾ?"

"ಎಂಥಕ್ಕೆ ಹತ್ತುದು? ಮನೆಯಲ್ಲಿ ಬಟಾಟೆ ಬೇಯಿಸಿ ಕಳಿಸ್ಲಿಕ್ಕೇ ನನ್ನ ಆಯುಷ್ಯ ಹೋಯ್ತು."

ಮಾತಿನಲ್ಲಿ ಸಿಟ್ಟಿರಲಿಲ್ಲ. ಅದೇ ಅವನನ್ನು ಚುಚ್ಚಿತು. ಅಷ್ಟರಲ್ಲಿ ಬೆಲ್ಲಾಯಿತು. ಅವನು ಹರಿದ ಟಿಕೆಟ್ಟನ್ನು ಅವಳ ಕೈಗಿಟ್ಟ.

"ಹೋಗಿ ಕೂತ್ಕೊ. ಲೋಟ ನಾನು ತೊಳೀತೇನೆ."

"ಮತ್ತೆ ನಿಮ್ಮ ಪಿಕ್ಚರು?"

"ನೀನು ನೋಡಿ ಹೇಳು ಮಾರಾಯ್ತಿ. ಸಾಕು."

ಲೋಟ, ಬಾಣಲೆ ತೊಳೆದು, ಕಲ್ಲಿನ ಕಟ್ಟೆ ಉಜ್ಜಿ ಮೇಲೆ ಹತ್ತುವಾಗ ಜನ ಇಳಿಯುತ್ತಿದ್ದರು. ಬಾಲ್ಕನಿಯಲ್ಲಿ ದೀಪ ಹತ್ತಿ, ಛಾವಣಿಯ ಗಾರೆಯ ತಾವರೆಗಳು ಕಾಣುತ್ತಿದ್ದವು. ಅವನ ಕುರ್ಚಿಯಲ್ಲಿ ಮುಕ್ತಾ ಬಾಯಿ ತುಸು ತೆರೆದು ಗಾಢ ನಿದ್ದೆಯಲ್ಲಿದ್ದಳು. ಮದುವೆಯಾದಂದಿನಿಂದ ಅವಳು ಹಗಲು ಮಲಗಿದ್ದನ್ನು ಅವನು ಕಂಡಿರಲಿಲ್ಲ.

ಬಾಗಿಲು ಕಾಯುವ ಮಾಪಣ್ಣ ಬಂದ. "ಅಕ್ಕಾರ್ನ ಎಬ್ಬಸ್ಲೇನ್ರಿ? ಬಾಗ್ಲಾ ಹಾಕ್ಬೇಕು."

"ಬೇಡ ಮಾರಾಯ. ಫ್ಯಾನು ಬಂದ್ ಮಾಡ್ಬೇಡ" ಎಂದು ವಿಷ್ಣುಮೂರ್ತಿ ಪಕ್ಕದ ಮಡಚಿದ್ದ ಕುರ್ಚಿಯನ್ನು ಸದ್ದಾಗದ ಹಾಗೆ ಬಿಡಿಸಿ ಕೂತ.